ಒಯ್ಯಲ್ಪಟ್ಟವಳಿಗಾಗಿ ಕಾದವಳು

ಝುವೈನಾ ಕಳೆದ ಮಂಗಳವಾರ ಮಧ್ಯಾಹ್ನ ತನ್ನ ಮನೆಯಲ್ಲೇ ತೀರಿಕೊಂಡಳು. ನಲವತ್ತನಾಲ್ಕು ವರ್ಷ. ಶ್ವಾಸಕೋಶದ ಕಾಯಿಲೆ. ಇಷ್ಟು ಬಿಡಿಸಿ ಬರೆಯಲೇಬೇಕು. ಏಕೆಂದರೆ ಒಮಾನಿನ ಅವಳ ಬೆಟ್ಟದೂರಿನಲ್ಲಿ ವಯಸ್ಸಾಗದೆ ಸತ್ತವರನ್ನು ಯಾರೂ ಸತ್ತರು ಎನ್ನುವುದಿಲ್ಲ. ಮಾಟಗಾರರು ಒಯ್ದರು ಎನ್ನುತ್ತಾರೆ.

ತಾಯಿ ಹೋದಾಗ ಅವಳಿಗೆ ಎಂಟು ವರ್ಷ. ಹೆಂಗಸರು ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮುಖ ನೋಡಲೂ ಬಿಡಲಿಲ್ಲ. ಸಂಜೆ ಸೋದರತ್ತೆ ಮೌಝಾ ತಲೆ ನೇವರಿಸುತ್ತ ಹೇಳಿದಳು: "ಅಳಬೇಡ್ವೇ ಪುಟ್ಟಿ. ಹೂತಿದ್ದು ಅವಳನ್ನಲ್ಲ, ಖರ್ಜೂರದ ಮರದ ದಿಮ್ಮಿ. ನಿಮ್ಮಮ್ಮನ್ನ ಒಯ್ದಿದಾರೆ ಅಷ್ಟೇ. ಎಲ್ಲಾ ಮರ್ತು ಯಾರದೋ ಮನೇಲಿ ಕಸ ಗುಡಿಸ್ತಿರ್ತಾಳೆ. ಒಂದು ಹರಳು ಉಪ್ಪು ನಾಲಿಗೆಗೆ ಬಿದ್ರೆ ನೆನಪು ಬರುತ್ತೆ."

ಸಮಾಧಾನಕ್ಕೆಂದೇ ಆಡಿದ ಮಾತು. ಹುಡುಗಿಯ ನೆಮ್ಮದಿ ಅಂದೇ ಹೋಯಿತು. ಕಾಲುವೆಯ ಬಳಿ ಅಪರಿಚಿತ ಹೆಂಗಸರು ಕಂಡರೆ ಅವರ ನಡಿಗೆಯನ್ನೇ ನೋಡುತ್ತಿದ್ದಳು. ತಲೆವಸ್ತ್ರದ ತುದಿಯಲ್ಲಿ ಉಪ್ಪು ಕಟ್ಟಿಕೊಂಡೇ ತಿರುಗುತ್ತಿದ್ದಳು. ಒಮ್ಮೆ ಬಳೆ ಮಾರುವವಳೊಬ್ಬಳು ನೆರಳಲ್ಲಿ ಕೂತು ಆಕಳಿಸಿದಳು. ಝುವೈನಾ ಆ ತೆರೆದ ಬಾಯಿಗೇ ಉಪ್ಪು ಹಾಕಿಬಿಟ್ಟಳು.

"ಥೂ! ನಾನೇನು ಮೀನೇನೇ, ಉಪ್ಪು ಹಾಕಿ ಒಣಗಿಸೋಕೆ?"

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಝುವೈನಾ ಮಾತ್ರ ಅವಳ ಕಣ್ಣನ್ನೇ ನೋಡುತ್ತ ನಿಂತಿದ್ದಳು, ನೆನಪು ಬಂತೇ ಎಂದು.

ಬೆಳೆದು ಊರ ಶಾಲೆಯಲ್ಲಿ ಗಣಿತ ಕಲಿಸಿದಳು. ಒಯ್ಯುವ ಮಾತೆಲ್ಲ ಸುಳ್ಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎರಡು ದಿನ ಊರು ಬಿಟ್ಟರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಬಂದು ಬಾಗಿಲು ತಟ್ಟಿದರೆ? ಮಸ್ಕತ್ತಿನ ಕೆಲಸ ತಾನಾಗಿ ಬಂದರೂ ಹೋಗಲಿಲ್ಲ.

ಆ ಮಂಗಳವಾರ ಅವಳಿಗೆ ಮೇಲುಸಿರು ಹತ್ತಿತ್ತು. ಪರದೆಯಾಚೆ ಪಕ್ಕದ ಮನೆಯ ನಸ್ರಾ ಝುವೈನಾಳ ಹನ್ನೆರಡು ವರ್ಷದ ಮಗಳು ರಾಯಾಳಿಗೆ ಪಿಸುಗುಟ್ಟುವುದು ಅವಳಿಗೆ ಕೇಳಿಸಿತು: "ನಿಮ್ಮಮ್ಮ ಸಾಯಲ್ಲ ಕಣೇ ಕಂದ. ಒಯ್ತಾರೆ, ಅಷ್ಟೇ."

"ರಾಯಾ, ಬಾ ಇಲ್ಲಿ," ಎಂದು ಝುವೈನಾ ಕರೆದಳು.

"ಮಗು ಕಣೇ ಅದು," ಎಂದು ನಸ್ರಾ ಹಿಂದೆಯೇ ಬಂದಳು. "ಇದನ್ನೆಲ್ಲ ನೋಡಬಾರದು. ಹೊರಗೆ ಕಳಿಸೋಣ."

"ಅವತ್ತು ನನ್ನೂ ಹೊರಗೇ ಕಳಿಸಿದ್ರಿ. ಇವಳು ಇಲ್ಲೇ ಇರ್ಲಿ."

ರಾಯಾ ಹಾಸಿಗೆಯ ಅಂಚಿಗೆ ಕುಳಿತಳು.

"ಉಸಿರು ನಿಂತ್ರೆ ಅಮ್ಮ ಸತ್ತಳು ಅಂತ. ಯಾರೇನಂದ್ರೂ ಕೇಳ್ಬೇಡ. ಕಾಯ್ಬೇಡ."

ಅಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಮಗಳ ಅಂಗೈಯನ್ನು ಎಳೆದು ತನ್ನ ಮೂಗಿನ ಕೆಳಗೆ ಇಟ್ಟುಕೊಂಡಳು.