ಕೆಂಪಗಿದ್ದದ್ದೇ ಬಿಳಿ ಪೆಟ್ಟಿಗೆ

ಹೊಸಪೇಟೆ, ಕಂಪ್ಲಿ ಭಾಗದಲ್ಲಿ ಮದರಾಸು ಸರ್ಕಾರದ ಕಾನೂನನ್ನು ಓದಿದವರು ಅನೇಕರಿದ್ದಾರೆ. ಅದನ್ನು ಜನರಿಗೆ ನೋವಾಗದಂತೆ ನಡೆಸಿದವರಲ್ಲಿ, ಈಗ ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗುತ್ತಿರುವ ಶ್ರೀಮಾನ್ ಕಮಲಾಕರರಾಯರಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಕಾಳುಕಡಿಯ ವ್ಯಾಪಾರಿಯಾದ ನನಗೆ ಚರಿತ್ರೆ ತಿಳಿಯದು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹಿಂದೊಮ್ಮೆ ಮೆಟ್ರಿ ಗ್ರಾಮದ ಶಾಲೆಯಲ್ಲಿ ನಡೆದ ಜಿಲ್ಲಾ ಬೋರ್ಡಿನ ಚುನಾವಣೆಗೆ ರಾಯರೇ ಅಧಿಕಾರಿಗಳು. ಓದು ಬಾರದವರ ಅನುಕೂಲಕ್ಕೆಂದು ಒಬ್ಬ ಉಮೇದುವಾರರಿಗೆ ಹಳದಿ ಪೆಟ್ಟಿಗೆ, ಇನ್ನೊಬ್ಬರಿಗೆ ಬಿಳಿ. ಎರಡೂ ಪರದೆಯ ಹಿಂದೆ. ಹಳದಿಯ ಏಜೆಂಟ್ ನಾನು, ಬಿಳಿಯ ಕಡೆಗೆ ಕೊಟ್ರಬಸಪ್ಪನವರು. ಹೆಂಗಸರ ಸರದಿಯಲ್ಲಿ ಮೊದಲು ಒಳಗೆ ಹೋದ ಸುಂಕಮ್ಮ ಬಹಳ ಹೊತ್ತು ಹೊರಗೆ ಬರಲಿಲ್ಲ. ಆಕೆಯ ನಂತರ ಹೋದ ಚೆನ್ನಬಸಮ್ಮ ಚೀಟಿ ಹಿಡಿದುಕೊಂಡೇ ಮರಳಿದಳು.

“ಮಾಸ್ತರ್ರೀ, ಎರಡೂ ಹಳದಿನ ಅದಾವಲ್ರೀ!”

ಸುಂಕಮ್ಮ ಎರಡೂ ಪೆಟ್ಟಿಗೆಗಳಿಗೆ ಪೂಜೆಯೆಂದು ಧಾರಾಳವಾಗಿ ಅರಿಸಿನ ಬಳಿದಿದ್ದಳು. “ಒಬ್ಬರಿಗೆ ಹಚ್ಚಿ ಇನ್ನೊಬ್ಬರಿಗೆ ಬಿಟ್ರ ಹೆಂಗ್ರೀ?” ಎಂದಳು.

ಹೌಹಾರಿದ ಕೊಟ್ರಬಸಪ್ಪನವರು, “ಬೆಳ್ಳಗ ಮಾಡ್ತೀನಿ ತಡೀರಿ” ಎಂದು ತಮ್ಮ ಎಲೆಯಡಿಕೆ ಸಂಚಿಯ ಸುಣ್ಣ ತೆಗೆದು ತಮ್ಮ ಪೆಟ್ಟಿಗೆಗೆ ತಿಕ್ಕಿಬಿಟ್ಟರು. ಪೆಟ್ಟಿಗೆ ಕೆಂಪಾಯಿತು.

“ಆರತಿ ನೀರು ಮಾಡಿದ್ಯಲ್ಲೋ ಯಪ್ಪಾ!” ಎಂದು ಚೆನ್ನಬಸಮ್ಮ ನಕ್ಕಳು.

“ಹೆಂಗಸರ ಓಟು ಬಂದ್ ಮಾಡ್ರಿ, ಇನ್ನೊಂದಿನ ಇಟ್ಕೊಳ್ರಿ!” ಎಂದು ಕೊಟ್ರಬಸಪ್ಪನವರು ಕೂಗಾಡಿದರು.

ಸುಂಕಮ್ಮನ ಮುಖ ಬಾಡಿತು. “ಇವತ್ತ ಕಳಿಸಿದ್ದ ಭಾಳ ಆತ್ರೀ. ಇನ್ನೊಮ್ಮೆ ಮನ್ಯಾಗ ಬಿಡಂಗಿಲ್ಲ.” ಸರದಿಯಲ್ಲಿದ್ದವರೆಲ್ಲರ ಪಾಡೂ ಅದೇ.

ರಾಯರು ಯಾರನ್ನೂ ಗದರಲಿಲ್ಲ, ಬಾಗಿಲಲ್ಲಿ ನಿಂತು ಸಾರಿದರು: “ಹಳದಿ ಇದ್ದದ್ದು ಹಳದಿ. ಕೆಂಪಗ ಇದ್ದದ್ದು ಬಿಳಿ. ತಿಳೀತೇನ್ರವ್ವಾ?”

“ನಮಗ ತಿಳೀತ್ರಿ, ಕೊಟ್ರಬಸಪ್ಪಗ ಕೇಳ್ರಿ!” ಎಂದರು ಸರದಿಯ ಹೆಂಗಸರು.

ಒಬ್ಬೊಬ್ಬಳಿಗೂ ಅದನ್ನೇ ಹೇಳಿ ಒಳಗೆ ಕಳಿಸಿದರು; ಅಷ್ಟೂ ಹೆಂಗಸರು ಓಟು ಹಾಕಿಯೇ ತಾವು ಬಂದ ಗಾಡಿ ಹತ್ತಿದರು. ಮೇಲಿನವರು ಸಮಜಾಯಿಷಿ ಕೇಳಿದಾಗ ರಾಯರು, “ಮತದಾರರು ಉಭಯ ಪಕ್ಷಗಳಿಗೂ ಸಮಾನ ಗೌರವ ತೋರಿದ್ದರಿಂದ ಬಣ್ಣ ಕೊಂಚ ವ್ಯತ್ಯಾಸವಾಯಿತು” ಎಂದು ಬರೆದರು. ನಮ್ಮ ಹಳದಿಯವರು ಸೋತಿದ್ದರೂ ಅದಕ್ಕೆ ನಾನು ಸಂತೋಷದಿಂದ ರುಜು ಹಾಕಿದೆ.

ಮುಂದಿನ ಚುನಾವಣೆಗೆ ರಾಯರು ಇರುವುದಿಲ್ಲವೆಂದು ಮೊನ್ನೆ ಸುಂಕಮ್ಮನಿಗೆ ಹೇಳಿದೆ. “ನೌಕ್ರಿ ಬಿಟ್ರ ಏನಾತ್ರೀ? ಬಾಗಿಲದಾಗ ಕುರ್ಚಿ ಹಾಕಿ ಕುಂದ್ರಸ್ರಿ. ಅವರು ಅದಾರ ಅಂದ್ರ ಮನ್ಯಾಗ ನಮ್ಮನ್ನ ಕಳಸ್ತಾರ” ಎಂದಳು.

ಆ ಕುರ್ಚಿಯಲ್ಲಿ ಇನ್ನೂ ಬಹಳ ಚುನಾವಣೆಗಳಿಗೆ ಕೂರುವಷ್ಟು ಆಯುರಾರೋಗ್ಯವನ್ನು ಪಂಪಾಪತಿಯು ರಾಯರಿಗೆ ದಯಪಾಲಿಸಲಿ.