ಹೆಸರು ಕೇಳುವ ಬಾಗಿಲು

ಕಳೆದ ವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸಿನಲ್ಲಿ ಯಾರೋ ನನ್ನ ಸೀಟಿನ ಪಕ್ಕ ಒಂದು ಮೂಟೆ ತಂದಿಟ್ಟರು. ಬೇಯಿಸಿ ಒಣಗಿಸಿದ ಅರಿಸಿನ. ಅರ್ಧ ಹಸಿ ಮಣ್ಣು, ಅರ್ಧ ಔಷಧಿ ಅನ್ನಿಸುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಳೆಯ ಲ್ಯಾಪ್‌ಟಾಪಿನ ಮೇಲೆ ಹೆದರಿ ಹೆದರಿ ಓಡಾಡುತ್ತಿದ್ದ ಹಳದಿ ಬೆರಳುಗಳು ಕಣ್ಣಿಗೆ ಕಟ್ಟಿದವು... ವಾಸನೆಗೂ ನೆನಪಿಗೂ ನಂಟು ಎಂದು ಯಾರಾದರೂ ಭಾವುಕರಾದರೆ ಪುರಾವೆ ಕೇಳುವವಳು ನಾನು. ಆವತ್ತು ಕೇಳಲಿಲ್ಲ. ಟಿಕೆಟ್ಟು ಗುಂಡ್ಲುಪೇಟೆಗಿದ್ದರೂ ತೆರಕಣಾಂಬಿಯಲ್ಲೇ ಇಳಿದುಬಿಟ್ಟೆ.

ನಾವು ತೆರಕಣಾಂಬಿಯಲ್ಲಿದ್ದಾಗ ಆಕೆ ಪಕ್ಕದ ಮನೆಯ ಸೊಸೆ. ನಾನು ಅಕ್ಕ ಎನ್ನುತ್ತಿದ್ದೆ. ಪಿಯುಸಿ ಮುಗಿಸಿ ಮದುವೆಯಾಗಿ ಬಂದವಳು. ನಾನಾಗ ಡಿಗ್ರಿ ಓದುತ್ತಿದ್ದೆ. ಚರ್ಚಾ ಸ್ಪರ್ಧೆಯಲ್ಲಿ ಪರ ನಿಲ್ಲಿಸಲಿ, ವಿರೋಧ ನಿಲ್ಲಿಸಲಿ, ಗೆದ್ದು ಬರುತ್ತಿದ್ದೆ. ಗೆದ್ದಮೇಲೆ ನಾನು ಹೇಳಿದ್ದೇ ಸರಿಯಿರಬೇಕಲ್ಲ ಎಂದುಕೊಂಡಿದ್ದ ಕಾಲ.

ಚಾಮರಾಜನಗರದ ತರಬೇತಿ ಕೇಂದ್ರವೊಂದು ನಮ್ಮ ಹೋಬಳಿಯಿಂದ ಒಬ್ಬ ಹೆಂಗಸನ್ನು ಆರಿಸಿ, ಕಂಪ್ಯೂಟರ್ ಕಲಿಸಿ, ಊರಿನಲ್ಲೇ ಮಕ್ಕಳಿಗೆ ಪಾಠ ಹೇಳುವ ಕೆಲಸ ಕೊಡುತ್ತದೆ ಎಂಬ ಸುದ್ದಿ ಮಹಿಳಾ ಸಂಘಕ್ಕೆ ಬಂದಿತ್ತು. ಆಯ್ಕೆಗೆ ನಿಲ್ಲುವವರು ತಾವೇ ಮಾಡಿದ ಒಂದು ವೆಬ್ ಪುಟವನ್ನು ಸಂಘದ ಸಭೆಯಲ್ಲಿ ತೋರಿಸಬೇಕಿತ್ತು. ಅಕ್ಕನಿಗೆ ಆ ಕೆಲಸದ ಮೇಲೆ ಜೀವವೇ ಇತ್ತು. ಆದರೆ ಕಳಿಸುವುದು, ಬಿಡುವುದು ಅವಳ ಅತ್ತೆಯ ಮಾತು.

"ನಾಕ್ ಜನದ್ ಮುಂದೆ ಮನೆ ಮರ್ವಾದೆ ಉಳುಸು, ಆಮೇಲ್ ನೋಡನ" ಎಂದಿದ್ದರು ಆಕೆ.

ಮಧ್ಯಾಹ್ನ ಅಂಗಳದಲ್ಲಿ ಅರಿಸಿನ ಹರವಿ ಅಕ್ಕ ನಮ್ಮ ಮನೆಗೆ ಬರುತ್ತಿದ್ದಳು. ಎಷ್ಟು ತೊಳೆದರೂ ಬೆರಳು ಹಳದಿಯೇ. ಪುಟದಲ್ಲಿ ಬಟನ್ ಇಡುವುದು, ಒತ್ತಿದಾಗ ಅಕ್ಷರ ಬದಲಾಗುವುದು, ಪುಟವೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು, ಇಷ್ಟನ್ನು ಹೇಳಿಕೊಟ್ಟೆ. ಮೊದಲ ಸಲ ಬಟನ್ ಒತ್ತಿದವಳು ಕೈ ಹಿಂದಕ್ಕೆಳೆದುಕೊಂಡು ಕೂಗಿದಳು: "ಅಯ್ಯೋ, ಮಾತಾಡ್ತದಲ್ಲಮ್ಮಿ ಇದು!"

ಅವಳನ್ನು ಕೆಣಕೋಣವೆಂದು ಕೇಳಿದೆ, "ಬಟನ್ ಯಾಕಕ್ಕ ಬೇಕು? ಇರೋದನ್ನೆಲ್ಲ ಒಂದೇ ಸಲ ಬರೆದು ಹಾಕಿದ್ರಾಯ್ತು."

"ಬಾಗ್ಲು ತಟ್ದೆ ಯಾರಾದ್ರೂ ಒಳಕ್ ನುಗ್ತಾರೇನಮ್ಮಿ?"

ಆ ಮಾತಿನಿಂದಲೇ ಅವಳ ಪುಟ ಹುಟ್ಟಿತು. ಮದುವೆಯಾಗಿ ಬಂದ ಹೆಣ್ಣನ್ನು ನಾದಿನಿಯರು ಹೊಸಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದೇ ಶಾಸ್ತ್ರ. ಬೇರೆ ದಿನ ಆ ಹೆಸರನ್ನು ಬಾಯಲ್ಲಿ ಎತ್ತದ ಹೆಂಗಸರು ಅಂದೊಂದು ದಿನ ಹೇಳುತ್ತಾರೆ. ಅಕ್ಕನ ಪುಟದಲ್ಲಿ ಮುಚ್ಚಿದ ಬಾಗಿಲಿನ ಚಿತ್ರ, ಕೆಳಗೊಂದು ಬಟನ್. ಒತ್ತಿದರೆ "ಯಜಮಾನ್ರ ಹೆಸರೇನಮ್ಮ?" ಎಂಬ ಪ್ರಶ್ನೆ. ಹೆಸರು ಟೈಪ್ ಮಾಡಿದರೆ ಬಾಗಿಲು ತೆರೆದುಕೊಂಡು "ಒಳಕ್ಕೆ ಬಾರಮ್ಮ" ಎನ್ನುತ್ತಿತ್ತು. ಏನೂ ಬರೆಯದೆ ಒತ್ತಿದರೂ ತೆರೆಯುತ್ತಿತ್ತು: "ನಾಚ್ಕೆಯಾ? ಓಗ್ಲಿ, ಬಾ."

ನನಗೆ ತಡೆಯಲಾಗಲಿಲ್ಲ. "ಹೇಳಿದ್ರೂ ತೆಗಿಯುತ್ತೆ, ಹೇಳ್ದಿದ್ರೂ ತೆಗಿಯುತ್ತೆ ಅಂದ್ರೆ ಕೇಳೋದ್ಯಾಕೆ? ತಲೆಬುಡ ಇಲ್ಲ. ಕೇಂದ್ರದವರು ನಗ್ತಾರೆ" ಎಂದೆ.

ಅವಳು ಜಗಲಿಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಅವಳ ಅತ್ತೆ ನಮ್ಮಮ್ಮನ ಜೊತೆ ಎಲೆಅಡಿಕೆ ಹಾಕುತ್ತ ಕೂತಿದ್ದರು. "ಇರ್ಲಿ ಬುಡು ಕಣಮ್ಮಿ" ಎಂದಷ್ಟೇ ಅಂದಳು.

ಕಾರಣ ಕೊಡದವರು ಸೋತಂತೆ, ಅದು ನಾನು ಕಲಿತ ನಿಯಮ. ಸಭೆಯ ದಿನ ಬೆಳಿಗ್ಗೆ, ಅವಳನ್ನು ಕೇಳದೆ, ಆ ಸಾಲನ್ನು ಅಳಿಸಿ ಇನ್ನೊಂದು ಬರೆದೆ. ಖಾಲಿ ಇದ್ದರೆ ಮತ್ತೆ ಕೇಳು.

ಸಮುದಾಯ ಭವನದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಕೇಂದ್ರದಿಂದ ಒಬ್ಬ ಮೇಡಂ ಬಂದಿದ್ದರು. ಮೊದಲು ಬಂದವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ ಹೆಸರು ಹೇಳಿದರು. ಅಕ್ಕ ಟೈಪ್ ಮಾಡಿದಳು, ಬಾಗಿಲು ತೆರೆಯಿತು, ಚಪ್ಪಾಳೆ. ಆಮೇಲೆ ಯಾರೋ "ಏಳು ದೊಡ್ಡವ್ವ, ಸೊಸೆ ಮಾಡಿರೋ ಬಾಗ್ಲು, ನೀನ್ ಒಳಕ್ ಓಗ್ದೆ ಇದ್ರಾದದಾ?" ಎಂದು ಅವಳ ಅತ್ತೆಯನ್ನೇ ಮುಂದಕ್ಕೆ ತಳ್ಳಿದರು. ಆಕೆಯ ಗಂಡ ತೀರಿಹೋಗಿ ವರ್ಷಗಳಾಗಿದ್ದವು.

ಅತ್ತೆ ತಲೆ ತಗ್ಗಿಸಿ ನಕ್ಕರು. ಅಕ್ಕ ನಿರಾಳವಾಗಿ ಖಾಲಿ ಬಿಟ್ಟೇ ಬಟನ್ ಒತ್ತಿದಳು. ಪುಟ ಮತ್ತೆ ಕೇಳಿತು. ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ. "ಹೆಸರೇನಮ್ಮ?" ಹಳದಿ ಬೆರಳು ನಿಂತಿತು. ಅಕ್ಕ ನನ್ನ ಕಡೆ ನೋಡಿದಳು...

ಆಗಲಾದರೂ ಎದ್ದು ಲ್ಯಾಪ್‌ಟಾಪ್ ಮುಚ್ಚಬಹುದಿತ್ತು. ಎದ್ದದ್ದು ನಿಜ, ವಾದಕ್ಕೆ. "ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗುತ್ತೆ ಅಂತಾರೆ, ಸರಿ. ನಿಮಗೆ ಈಗ ಆ ಭಯಾನೂ ಇಲ್ವಲ್ಲ ಅವ್ವ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಆ ಹೆಸರನ್ನು ಹೇಳಿದರು. ಪಕ್ಕದಲ್ಲಿದ್ದವರಿಗೂ ಕೇಳಿತೋ ಇಲ್ಲವೋ. ಅಕ್ಕ ಟೈಪ್ ಮಾಡಿದಳು. ಬಾಗಿಲು ತೆರೆಯಿತು. ಆಕೆ ಸೆರಗನ್ನು ತಲೆ ತುಂಬ ಎಳೆದುಕೊಂಡು, ಯಾರನ್ನೂ ನೋಡದೆ ಭವನದಿಂದ ಹೊರಗೆ ನಡೆದರು.

ಅಕ್ಕನನ್ನು ತರಬೇತಿಗೆ ಕಳಿಸಲಿಲ್ಲ. ಸಾಲು ತಿದ್ದಿದ್ದು ಯಾರೆಂದು ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ನನಗೆ ಮಾತ್ರ, ಬಟ್ಟೆ ಒಣಹಾಕುತ್ತ, ಬೇಲಿಯ ಆಚೆಯಿಂದ ಹೇಳಿದಳು: "ಆ ಸಾಲ್ನ ನಮ್ಮತ್ತೆಗೇ ಅಂತ ಮಡಗಿದ್ದೆ ಕಣಮ್ಮಿ. ಮಾವ ತೀರೋದ್ಮೇಲೂ ಅವ್ರು ಆ ಹೆಸ್ರ ಎತ್ತಿರ್ಲಿಲ್ಲ. ಅವತ್ತು ಅವ್ರು ಜಗುಲೀಲೇ ಕೂತಿದ್ರು, ಹೆಂಗ್ ಹೇಳ್ಲಿ ನಿಂಗೆ?" ಬೈದಿದ್ದರೆ ಎದುರು ಮಾತಾಡುತ್ತಿದ್ದೆನೇನೋ. ಅವಳು ಬೈಯಲಿಲ್ಲ. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು, ಅಷ್ಟೇ. ಸ್ವಲ್ಪ ದಿನಕ್ಕೆ ಗಂಡಹೆಂಡಿರು ಕೆಲಸ ಹುಡುಕಿಕೊಂಡು ತಿರುಪ್ಪೂರಿಗೆ ಹೋದರು. ನಾವೂ ಗುಂಡ್ಲುಪೇಟೆಗೆ ಮನೆ ಬದಲಿಸಿದೆವು.

ಕಳೆದ ವಾರ ಆ ಬೀದಿಗೆ ಹೋದಾಗ ಅತ್ತೆ ಬಾಗಿಲಲ್ಲಿ ಕೂತಿದ್ದರು. ಕಣ್ಣು ಮಂಜಾಗಿದೆ. ನನ್ನ ದನಿಯಿಂದಲೇ ಗುರುತು ಹಿಡಿದರು.

"ಆ ಮಾತ್ಗಾತಿ ಅಲ್ವೇನವ್ವ ನೀನು? ಬಾ, ಕೂತ್ಕೊ." ಅಕ್ಕನ ಸುದ್ದಿ ಕೇಳಿದೆ. "ಬನಿಯನ್ ಫ್ಯಾಕ್ಟ್ರೀಲವ್ಳೆ. ದಿನೆಲ್ಲ ನಿಂತ್ಕಂಡೇ ಕೆಲ್ಸ, ಕಾಲು ಊದ್ಕಂಡವೆ ಅಂತಾಳೆ. ಅವತ್ತು ಕಳಿಸ್ಬೇಕಿತ್ತು ಕಣವ್ವ. ಇಲ್ಲೇ ಮಕ್ಳಿಗ್ ಪಾಠ ಹೇಳ್ಕಂಡಿರೋಳು. ನನ್ ಹಟಕ್ಕೆ ಅವ್ಳ ಬದುಕ್ನೇ ಕೆಡುಸ್ಬುಟ್ಟೆ."

"ಇಲ್ಲ ಅವ್ವ. ಅಕ್ಕ ಮಾಡಿದ ಬಾಗಿಲು ನಿಮ್ಮನ್ನ ಸುಮ್ನೆ ಒಳಗೆ ಬಿಡ್ತಿತ್ತು. ಬಿಡದ ಹಾಗೆ ಮಾಡಿದ್ದು ನಾನು" ಎಂದೆ.

ಆಕೆ ನನ್ನ ಕೈ ಹುಡುಕಿ ಹಿಡಿದುಕೊಂಡರು. "ಮಿಷಿನ್ ಮಾಡಿದ್ಕೆ ನೀನೇನ್ ಮಾಡಿಯವ್ವ? ಅವಾಗ ನೀನಿನ್ನೂ ಚಿಕ್ ಮಗ."

ಇನ್ನೊಮ್ಮೆ ಬಿಡಿಸಿ ಹೇಳಿದೆ. ಆಮೇಲೆ ಮತ್ತೊಮ್ಮೆ. ಆಕೆ ಒಪ್ಪಲೇ ಇಲ್ಲ. ತಪ್ಪು ತನ್ನದೇ ಎಂದು ಎಂದೋ ತೀರ್ಮಾನಿಸಿಕೊಂಡು, ಅದರ ಜೊತೆಗೇ ಇಷ್ಟು ವರ್ಷ ಬಾಳಿದ್ದರು. ಹೊರಡುವಾಗ ಅಕ್ಕನ ನಂಬರು ಕೊಟ್ಟರು.

ನಂಬರು ನನ್ನ ಫೋನಿನಲ್ಲಿದೆ. ಅವಳ ಶಿಫ್ಟು ಯಾವಾಗ ಮುಗಿಯುತ್ತದೋ, ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದರೆ ತೊಂದರೆಯಾದೀತು ಎಂದು ದಿನವೂ ಹೇಳಿಕೊಳ್ಳುತ್ತೇನೆ. ವಾದ ಯಾವುದು, ನೆಪ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು... ಇನ್ನೂ ಫೋನು ಮಾಡಿಲ್ಲ.