ಜವರಮ್ಮನ ಟೀ ಗೋಡೆ

ಹದಿನಾರು ಎಂಬ ಊರಿನ ಬಸ್‌ಸ್ಟಾಪಿನಲ್ಲಿ ನಂಜೇಶನ ಟೀ ಅಂಗಡಿಗೂ ಜವರಮ್ಮನ ಮನೆಗೂ ನಡುವೆ ಇರುವುದು ಒಂದೇ ಓಣಿ. ಅಲ್ಲಿ ಟೀ ಕುಡಿಯುವ ಗಂಡಸರು ತಳದ ಗುಟುಕನ್ನು ಮಾತ್ರ ಕುಡಿಯುವುದಿಲ್ಲ. ಲೋಟವನ್ನು ಗಿರ್ರನೆ ತಿರುಗಿಸಿ ಜವರಮ್ಮನ ಗೋಡೆಗೆ ಎರಚುತ್ತಾರೆ. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ. ಅವರ ಅಪ್ಪಂದಿರೂ ಹಾಗೇ ಮಾಡುತ್ತಿದ್ದರು.

ಜವರಮ್ಮ ಸೊಸೆಯಾಗಿ ಬಂದಾಗಿನಿಂದ ಬೈಯುತ್ತಲೇ ಇದ್ದಾಳೆ. ಎರಚಿದ ಸದ್ದು ಕೇಳಿದರೆ ಸಾಕು, ಸೌಟು ಹಿಡಿದು ಕಿಟಕಿಗೆ ಬರುತ್ತಿದ್ದಳು.

"ಯಾವನ್ಲಾ ಅದು? ನಿಮ್ಮಪ್ಪ ಬಂದು ಸುಣ್ಣ ಬಳ್ದಾನಾ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಗಂಡಸರು ನಕ್ಕು ಇನ್ನೊಂದು ಟೀ ಹೇಳುತ್ತಿದ್ದರು. ಗಂಡ ತೀರಿಕೊಂಡು, ಮಗಳು ರಾಣಿ ಬನ್ನೂರಿಗೆ ಮದುವೆಯಾಗಿ ಹೋದ ಮೇಲೆ ಜವರಮ್ಮ ಬಾಯಿಬಿಟ್ಟು ಆಡುತ್ತಿದ್ದ ಮಾತೆಲ್ಲ ಆ ಕಿಟಕಿಯದೇ.

ಈ ಸಲ ಗೌರಿಹಬ್ಬಕ್ಕೆಂದು ಸುಣ್ಣ ಕಲಸಿಟ್ಟಿದ್ದಳು. ಅಷ್ಟರಲ್ಲಿ ನರಸೀಪುರದ ಬಸ್ಸಿನಿಂದ ಚೈತ್ರ ಎಂಬ ಹುಡುಗಿ ಇಳಿದಳು. ಮೈಸೂರಿನಲ್ಲಿ ಚಿತ್ರ ಬರೆಯುವವಳು, ಅದೂ ಬಣ್ಣದಲ್ಲಲ್ಲ, ಟೀ ಡಿಕಾಕ್ಷನ್ನಿನಲ್ಲಿ. ಗೋಡೆ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಳು.

"ಅಮ್ಮಾ, ದಯವಿಟ್ಟು ಸುಣ್ಣ ಹೊಡೀಬೇಡಿ. ಇಂಥದ್ದೊಂದು ಬರೆಯೋಕೆ ನಾನು ಎಷ್ಟು ವರ್ಷದಿಂದ ಒದ್ದಾಡ್ತಿದ್ದೀನಿ!"

"ಅದ್ಕ್ಯಾಕವ್ವ ಒದ್ದಾಡಿಯೆ? ಅಲ್ಲಿ ಕುಂತವ್ರಲ್ಲ, ಅವ್ರ ಕೈಗೊಂದ್ ಲೋಟ ಕೊಡು, ಓಗು."

ಚೈತ್ರ ಬಿಡಲಿಲ್ಲ. ಮರುದಿನವೇ ತಗಡಿನ ಬೋರ್ಡು ತಂದಳು: 'ಇದು ಕಲಾಕೃತಿ. ಟೀ ಎರಚಬಾರದು.' ಎರಡನೆಯ ಮಾತು ಹಿಡಿಸಿ ಜವರಮ್ಮ ಮೊಳೆ ಹೊಡೆಯಲು ಬಿಟ್ಟಳು.

ಮೈಸೂರಿನಿಂದ ಕಾರುಗಳು ಬಂದವು. ಕನ್ನಡಕದವರೊಬ್ಬರು ತಲೆ ಓರೆ ಮಾಡಿ, ಕೆಳಗಿನ ಕಲೆಯನ್ನು ತೋರಿಸಿ, "ಇಲ್ಲೊಂದು ಆಳವಾದ ನೋವಿದೆ" ಎಂದರು.

"ಊ ಸಾ, ಮಂಡಿನೋವು," ಎಂದಳು ಜವರಮ್ಮ. "ರಂಗನಾಯಕಂದು ಅದು. ಪಾಪ, ಕುಂತೇ ಎರಚ್ತಾನೆ."

ಆದರೆ ವಿಚಿತ್ರ ನೋಡಿ, ಬೋರ್ಡು ಹಾಕಿದ ಮೇಲೆ ರಂಗನಾಯಕನಂಥ ರಂಗನಾಯಕನೇ ಎತ್ತಿದ ಲೋಟ ಇಳಿಸಿ, ಮುಖ ಕಿವುಚಿಕೊಂಡು ತಳದ ಗುಟುಕನ್ನೂ ನುಂಗಿದ. ಉಳಿದವರೂ ನುಂಗಿದರು. ಜವರಮ್ಮ ಸೌಟು ಹಿಡಿದು ಕಿಟಕಿಗೆ ಬಂದರೆ ಬೈಯಲು ಒಬ್ಬನೂ ಇಲ್ಲ! ಜೀವಮಾನವಿಡೀ ಗಂಟಲು ಹರಿದುಕೊಂಡರೂ ಬಗ್ಗದವರು ಒಂದು ತುಂಡು ತಗಡಿಗೆ ಬಗ್ಗಿದ್ದರು. ಅವಳಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಮನೆ ಬಿಕೋ ಎನ್ನತೊಡಗಿತು. ಮುದ್ದೆ ಗಂಟಲಲ್ಲಿ ಇಳಿಯದಾಯಿತು.

ಒಂದು ಸಂಜೆ ಜವರಮ್ಮ ಓಣಿ ದಾಟಿ ಬಂದು ಬೆಂಚಿನ ಮೇಲೆ ಕೂತಳು.

"ಏನ್ ಜವರಕ್ಕ, ನೀನೂವೆ ಟೀ ಕುಡ್ದೀಯಾ?" ನಂಜೇಶ ಕಣ್ಣು ಬಿಟ್ಟ.

"ಯಾಕ್ಲಾ, ನಂಗೇನ್ ಬಾಯಿಲ್ವಾ?"

ಊದಿ ಊದಿ ಕುಡಿದಳು. ಕೊನೆಗೆ ಲೋಟವನ್ನು ಗಿರ್ರನೆ ತಿರುಗಿಸಿ, ಬೋರ್ಡಿನ ಮೇಲೇ ಬೀಳುವಂತೆ ಎರಚಿದಳು. ಜವರಮ್ಮ ಎದ್ದು, ಓಣಿ ದಾಟಿ, ಒಳಗೆ ಹೋಗಿ, ಸೌಟು ಹಿಡಿದು ಕಿಟಕಿಗೆ ಬಂದಳು.

"ಯಾವ್ಳೇ ಅದು ನನ್ ಗೋಡೆ ಆಳ್ಮಾಡ್ದೋಳು? ನಿನ್ ಕೈ ಸೇದೋಗಾ!"

ರಂಗನಾಯಕ ತನ್ನ ಲೋಟದ ತಳ ನೋಡಿದ. ಕಿಟಕಿಯತ್ತ ನೋಡಿದ. ಕೂತಲ್ಲಿಂದಲೇ ಎರಚಿದ.

ಜವರಮ್ಮ ಅವನ ವಂಶವನ್ನೆಲ್ಲ ಜಾಲಾಡಿಬಿಟ್ಟಳು. ಆ ರಾತ್ರಿ ಎರಡು ಮುದ್ದೆ ಉಂಡಳು.